ನುಂಗಲಾಗದ ಹುಳು, ಹೊರದಬ್ಬುವ ಕರುಳು

ಒಂದು ಬ್ಯಾಕ್ಟೀರಿಯಾದ ಉದ್ದ ಸಾಮಾನ್ಯವಾಗಿ 1ರಿಂದ 2 ಮೈಕ್ರೋಮೀಟರ್. ಅದನ್ನು ನುಂಗುವ ಬಿಳಿ ರಕ್ತಕಣದ ಅಗಲ 10ರಿಂದ 15 ಮೈಕ್ರೋಮೀಟರ್. ಹಾಗಾಗಿ ಬ್ಯಾಕ್ಟೀರಿಯಾ ಮೈಯೊಳಗೆ ಬಂದರೆ ಮಾಡಬೇಕಾದ್ದು ಏನೆಂದು ದೇಹಕ್ಕೆ ಗೊತ್ತು. ಹಿಡಿಯಬೇಕು, ನುಂಗಬೇಕು, ಕರಗಿಸಬೇಕು. ಆದರೆ ಕರುಳಿನಲ್ಲಿ ಪೂರ್ತಿ ಬೆಳೆದ ಹೆಣ್ಣು ದುಂಡುಹುಳು 20ರಿಂದ 35 ಸೆಂಟಿಮೀಟರ್ ಉದ್ದ ಇರುತ್ತದೆ. ಬಿಳಿ ರಕ್ತಕಣಕ್ಕೆ ಹೋಲಿಸಿದರೆ 10 ಸಾವಿರ ಪಟ್ಟಿಗೂ ಜಾಸ್ತಿ. ಅಂಥ ಹುಳುವನ್ನು ನುಂಗುವ ಕೋಶ ನಮ್ಮ ಮೈಯಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ.

ಹಾಗಾದರೆ ದೇಹ ಏನು ಮಾಡುತ್ತದೆ? ಸುಮ್ನೆ ಕೂರುವುದಿಲ್ಲ. ಬ್ಯಾಕ್ಟೀರಿಯಾ, ವೈರಸ್‌ಗಳಿಗೆ ಬಳಸುವ ದಾರಿಯನ್ನು ಬಿಟ್ಟು ಬೇರೆಯದೇ ದಾರಿ ಹಿಡಿಯುತ್ತದೆ. ಹುಳುವನ್ನು ಕೊಲ್ಲುವುದಕ್ಕಿಂತ ಅದನ್ನು ಹೊರಗೆ ದಬ್ಬುವುದು, ಅದು ಮಾಡಿದ ಗಾಯ ವಾಸಿ ಮಾಡುವುದು, ದಬ್ಬಲು ಆಗದೇ ಹೋದರೆ ಕಡಿಮೆ ನಷ್ಟದಲ್ಲಿ ಅದರ ಜೊತೆ ಬದುಕುವುದು. ಇದಕ್ಕೆ ವಿಜ್ಞಾನಿಗಳು ಟೈಪ್-2 ಪ್ರತಿರೋಧ ಎಂದು ಹೆಸರಿಟ್ಟಿದ್ದಾರೆ.

‘ಜಂತುಹುಳು ಆಗಿದೆ ಅಂದರೆ ಇಮ್ಯುನಿಟಿ ಕಡಿಮೆ ಇದೆ’ ಅನ್ನುವ ಮಾತನ್ನು ಬಹಳ ಜನ ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರ ಕರುಳಿನಲ್ಲಿ ಮಣ್ಣಿನಿಂದ ಹರಡುವ ಹುಳುಗಳಿವೆ. ಇಷ್ಟೂ ಜನರ ರೋಗನಿರೋಧಕ ವ್ಯವಸ್ಥೆ ಕೆಟ್ಟು ಕೂತಿದೆ ಎನ್ನಲು ಆಗುವುದಿಲ್ಲ, ಅಲ್ವಾ? ಅವರಲ್ಲಿ ಹೆಚ್ಚಿನವರ ದೇಹ ಹುಳುವನ್ನು ಗುರುತಿಸಿದೆ, ಉತ್ತರವನ್ನೂ ಕೊಟ್ಟಿದೆ. ಆ ಉತ್ತರ ಹೇಗಿರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ನೋಡೋಣ.

ಹುಳು ಬರುವ ದಾರಿ

ಕರುಳಿನ ಹುಳು ಅಂದ ಕೂಡಲೇ ಅದು ಬಾಯಿಂದ ನೇರ ಕರುಳಿಗೆ ಇಳಿದು ಅಲ್ಲೇ ಇರುತ್ತದೆ ಎಂದುಕೊಳ್ಳುತ್ತೇವೆ. ದುಂಡುಹುಳುವಿನ ದಾರಿ ಅಷ್ಟು ನೇರ ಅಲ್ಲ. ಮಣ್ಣು ಅಂಟಿದ ಕೈಯಿಂದಲೋ ಆಹಾರದಿಂದಲೋ ಮೊಟ್ಟೆ ಹೊಟ್ಟೆ ಸೇರುತ್ತದೆ. ಸಣ್ಣ ಕರುಳಿನಲ್ಲಿ ಮರಿ ಹೊರಬರುತ್ತದೆ. ಅದು ಕರುಳಿನ ಗೋಡೆ ಕೊರೆದು ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಯಕೃತ್ತು, ಆಮೇಲೆ ಶ್ವಾಸಕೋಶ. ಶ್ವಾಸಕೋಶದಿಂದ ಗಂಟಲಿಗೆ ಏರಿ, ಕಫದ ಜೊತೆ ಮತ್ತೆ ನುಂಗಲ್ಪಟ್ಟು, ಎರಡನೇ ಸಲ ಕರುಳಿಗೆ ಬಂದು ಅಲ್ಲಿ ದೊಡ್ಡದಾಗುತ್ತದೆ. ಮೊಟ್ಟೆ ನುಂಗಿದ ದಿನದಿಂದ ಹೊಸ ಹೆಣ್ಣುಹುಳು ಮೊಟ್ಟೆ ಇಡುವವರೆಗೆ ಎರಡರಿಂದ ಮೂರು ತಿಂಗಳು ಬೇಕು. ಆಮೇಲೆ ಅದು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು.

1922ರಲ್ಲಿ ಜಪಾನಿನ ವೈದ್ಯ ಶಿಮೇಸು ಕೋಯಿನೋ ಈ ದಾರಿಯನ್ನು ತಿಳಿಯಲು 2000 ದುಂಡುಹುಳು ಮೊಟ್ಟೆಗಳನ್ನು ತಾವೇ ನುಂಗಿದರು. ಮುಂದೆ ಅವರ ಕಫದಲ್ಲೇ ಮರಿಗಳು ಸಿಕ್ಕವು. ಅವರ ಧೈರ್ಯವನ್ನು ಮೆಚ್ಚಲೇಬೇಕು. ಇವತ್ತು ನಮಗೆ ಇಷ್ಟು ಸ್ಪಷ್ಟವಾಗಿ ಗೊತ್ತಿರುವುದರ ಹಿಂದೆ ಅಂಥವರ ಮೈ ಇದೆ.

ಕೊಕ್ಕೆಹುಳುವಿನ ಮರಿ ಬಾಯಿಯನ್ನೇ ಕಾಯುವುದಿಲ್ಲ. ಬರಿಗಾಲಿನ ಚರ್ಮ ಕೊರೆದು ಒಳಗೆ ಬಂದು, ಶ್ವಾಸಕೋಶ ದಾಟಿ ಕರುಳಿಗೆ ಸೇರುತ್ತದೆ. ಚಾಟಿಹುಳು ಮಾತ್ರ ಇಂಥ ಸುತ್ತು ಹಾಕದೆ, ದೊಡ್ಡ ಕರುಳಿನ ಒಳಪದರಕ್ಕೆ ತನ್ನ ತೆಳ್ಳಗಿನ ಮುಂಭಾಗವನ್ನು ತೂರಿಸಿಕೊಂಡು ಉಳಿಯುತ್ತದೆ.

ಈ ದಾರಿ ಇಲ್ಲಿ ಯಾಕೆ ಮುಖ್ಯ? ದೇಹಕ್ಕೆ ಹುಳುವಿನ ಭೇಟಿ ಕರುಳಿನಲ್ಲಷ್ಟೇ ಆಗುವುದಿಲ್ಲ. ಚರ್ಮ, ಯಕೃತ್ತು, ಶ್ವಾಸಕೋಶ ಎಲ್ಲ ಕಡೆ ಆಗುತ್ತದೆ. ಅಲ್ಲಿ ಹುಳು ಇನ್ನೂ ಚಿಕ್ಕದು, ಅಂಗಾಂಶದ ಒಳಗೇ ಇದೆ. ಹಾಗಾಗಿ ಸುಲಭವಾಗಿ ಪೆಟ್ಟು ತಿನ್ನುತ್ತದೆ. ದೊಡ್ಡದಾಗಿ ಕರುಳಿನ ಟೊಳ್ಳಿನಲ್ಲಿ ನೆಲೆಸಿದ ಮೇಲೆ ಲೆಕ್ಕವೇ ಬೇರೆ.

ಮೊದಲ ಕೂಗು

ಕರುಳಿನ ಒಳಪದರದಲ್ಲಿ ಟಫ್ಟ್ ಕೋಶ ಎಂಬ ಒಂದು ಬಗೆಯ ಕೋಶ ಇದೆ. ಅದರ ತುದಿಯಲ್ಲಿ ಕೂದಲಿನ ಕುಚ್ಚಿನಂತೆ ಸಣ್ಣ ಎಳೆಗಳಿರುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನು 1956ರಲ್ಲೇ ವಿವರಿಸಿದ್ದರು. ಆದರೆ ಹುಳುವಿನ ವಿಷಯದಲ್ಲಿ ಇದರ ಕೆಲಸ ಏನು ಎನ್ನುವುದು ತಿಳಿದದ್ದು 2016ರಲ್ಲಿ. ಬೇರೆ ಬೇರೆ ಮೂರು ತಂಡಗಳು ಇಲಿಗಳ ಮೇಲೆ ಕೆಲಸ ಮಾಡಿ ಒಂದೇ ಉತ್ತರಕ್ಕೆ ಬಂದವು. ಅರವತ್ತು ವರ್ಷ ಕಣ್ಣೆದುರೇ ಇದ್ದ ಕೋಶದ ಕೆಲಸ ಅಷ್ಟು ತಡವಾಗಿ ಗೊತ್ತಾಯಿತು.

ಸಾಮಾನ್ಯ ದಿನಗಳಲ್ಲಿ ಕರುಳಿನ ಒಳಪದರದ ನೂರು ಕೋಶಗಳಲ್ಲಿ ಒಂದು ಕೂಡ ಟಫ್ಟ್ ಕೋಶ ಆಗಿರುವುದಿಲ್ಲ. ನಾಲಿಗೆ ರುಚಿ ಗುರುತಿಸಲು ಬಳಸುವ ಕೆಲವು ಪ್ರೋಟೀನುಗಳು ಇದರಲ್ಲೂ ಇವೆ. ಕರುಳಿನ ಟೊಳ್ಳಿನಲ್ಲಿ ಏನು ನಡೆಯುತ್ತಿದೆ ಎಂದು ಇದು ರುಚಿ ನೋಡಿ ತಿಳಿಯುತ್ತದೆ ಎಂದರೆ ತಪ್ಪಾಗದು. ಹುಳುವಿನ ಸುಳಿವು ಸಿಕ್ಕಾಗ ಇದು ಐಎಲ್-25 ಎಂಬ ಸಂದೇಶ ಪ್ರೋಟೀನ್ ಬಿಡುತ್ತದೆ. ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಇಂಥ ಪ್ರೋಟೀನುಗಳಿಗೆ ಸೈಟೋಕೈನ್ ಎಂದು ಹೆಸರು.

ಆ ಸುದ್ದಿ ಕೇಳಿಸಿಕೊಳ್ಳುವುದು ಒಳಪದರದ ಕೆಳಗಿರುವ ಐಎಲ್‌ಸಿ-2 ಎಂಬ ಕೋಶಗಳು. ಇವು ಹುಳುವನ್ನು ಹಿಂದೆ ಕಂಡಿರಬೇಕು, ಗುರುತು ಹಿಡಿಯಬೇಕು ಎಂಬ ಕಟ್ಟುಪಾಡು ಇಲ್ಲ. ಸುದ್ದಿ ಬಂದರೆ ಸಾಕು, ಐಎಲ್-13 ಎಂಬ ಇನ್ನೊಂದು ಸೈಟೋಕೈನನ್ನು ಸುರಿಸುತ್ತವೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದದ ಭಾಗ ಇಲ್ಲಿದೆ. ಐಎಲ್-13 ಹೋಗಿ ಮುಟ್ಟುವುದು ಕರುಳಿನ ಗುಳಿಗಳಲ್ಲಿರುವ ಕಾಂಡಕೋಶಗಳನ್ನು. ಹೊಸ ಕೋಶಗಳನ್ನು ಹುಟ್ಟಿಸುವುದೇ ಅವುಗಳ ಕೆಲಸ. ಐಎಲ್-13 ಬಂದ ಮೇಲೆ ಅವು ಹುಟ್ಟಿಸುವ ಕೋಶಗಳ ಪಾಲು ಬದಲಾಗುತ್ತದೆ. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಜಾಸ್ತಿ ಆಗುತ್ತವೆ. ಟಫ್ಟ್ ಕೋಶಗಳೂ ಜಾಸ್ತಿ ಆಗುತ್ತವೆ. ಹೆಚ್ಚಾದ ಟಫ್ಟ್ ಕೋಶಗಳು ಇನ್ನಷ್ಟು ಐಎಲ್-25 ಬಿಡುತ್ತವೆ. ಅದರಿಂದ ಇನ್ನಷ್ಟು ಐಎಲ್-13. ಇಲಿಗಳಲ್ಲಿ ಒಂದೆರಡು ವಾರದೊಳಗೆ ಟಫ್ಟ್ ಕೋಶಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಅಂದರೆ ಹುಳು ಬಂದಾಗ ಕರುಳು ತನ್ನ ಗೋಡೆಯನ್ನೇ ಬೇರೆ ರೀತಿ ಕಟ್ಟಿಕೊಳ್ಳಲು ಶುರುಮಾಡುತ್ತದೆ.

ಇದರ ಜೊತೆಗೆ ಇನ್ನೊಂದು ದಾರಿಯೂ ತೆರೆದಿರುತ್ತದೆ. ಹುಳು ಕೊರೆದಾಗ ಒಡೆದ ಕೋಶಗಳಿಂದ ಐಎಲ್-33 ಸೋರುತ್ತದೆ. ಇದೂ ಐಎಲ್‌ಸಿ-2 ಕೋಶಗಳನ್ನು ಎಬ್ಬಿಸುತ್ತದೆ. ಅತ್ತ ದುಗ್ಧಗ್ರಂಥಿಗಳಲ್ಲಿ ಟಿ-ಕೋಶ ಎಂಬ ಬಿಳಿ ರಕ್ತಕಣಗಳು ಹುಳುವಿನ ಪ್ರೋಟೀನುಗಳನ್ನು ನಿಧಾನವಾಗಿ ಗುರುತು ಹಿಡಿಯುತ್ತವೆ. ಅವುಗಳಲ್ಲಿ ಟಿಎಚ್-2 ಎಂಬ ಬಣ ಐಎಲ್-4, ಐಎಲ್-5, ಐಎಲ್-9, ಐಎಲ್-13 ತಯಾರಿಸುತ್ತದೆ. ಸಹಾಯಕ ಟಿ-ಕೋಶಗಳಲ್ಲಿ ಹೀಗೆ ಎರಡು ಬಣಗಳಿವೆ ಎಂದು ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ 1986ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು. ಟಿಎಚ್-1 ಬಣ ಕೋಶದ ಒಳಗೆ ಅಡಗುವ ರೋಗಾಣುಗಳಿಗೆ, ಟಿಎಚ್-2 ಬಣ ಹುಳುಗಳಿಗೆ. ನಿಜವಾದ ಚಿತ್ರ ಇದಕ್ಕಿಂತ ಗೋಜಲು. ಆದರೂ ವಿಷಯ ಅರ್ಥ ಮಾಡಿಕೊಳ್ಳಲು ಈ ವಿಂಗಡಣೆ ಈಗಲೂ ಕೈಹಿಡಿಯುತ್ತದೆ.

ದಬ್ಬುವ ಕೆಲಸ

ಈಗ ಕರುಳಿನಲ್ಲಿ ಒಂದೇ ಸಲಕ್ಕೆ ಹಲವು ಬದಲಾವಣೆಗಳು ಆಗುತ್ತವೆ. ಲೋಳೆ ದಪ್ಪವಾಗಿ ಸುರಿಯುತ್ತದೆ, ಅದರ ಗುಣವೂ ಬದಲಾಗುತ್ತದೆ. ಮಾಮೂಲಿಯಾಗಿ ಕರುಳಿನಲ್ಲಿ ಕಾಣದ ಮ್ಯೂಸಿನ್-5ಎಸಿ ಎಂಬ ಲೋಳೆ ಪ್ರೋಟೀನ್ ಹುಳು ಇದ್ದಾಗ ಕಾಣಿಸಿಕೊಳ್ಳುತ್ತದೆ. ಇದು ಇಲ್ಲದ ಇಲಿಗಳಿಗೆ ಚಾಟಿಹುಳುವನ್ನು ಹೊರಹಾಕುವುದು ಕಷ್ಟ. ಅಂಗಾಂಶಗಳಲ್ಲಿ ನೆಲೆಸಿರುವ ಮಾಸ್ಟ್ ಕೋಶ ಎಂಬ ರೋಗನಿರೋಧಕ ಕೋಶಗಳು ಬಿಡುವ ಕಿಣ್ವಗಳಿಂದ ಒಳಪದರದ ಕೋಶಗಳ ನಡುವಿನ ಬಿಗಿ ಸಡಿಲವಾಗಿ ನೀರು ಒಳಗೆ ಜಿನುಗುತ್ತದೆ. ಕರುಳಿನ ಸ್ನಾಯುಗಳು ಜೋರಾಗಿ ಹಿಂಡುತ್ತವೆ. ನೀರು ಸುರಿಸು, ಗುಡಿಸಿ ಹಾಕು ಎನ್ನುವಂತೆ ಎಲ್ಲವೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ. ಹುಳು ಇದ್ದಾಗ ಆಗುವ ಹೊಟ್ಟೆನೋವು, ಭೇದಿಯಲ್ಲಿ ಒಂದಷ್ಟು ಪಾಲು ಹೀಗೆ ನಮ್ಮದೇ ಕರುಳಿನ ಕೆಲಸದಿಂದ ಆದದ್ದು.

ಚಾಟಿಹುಳುವಿನ ತಲೆ ಒಳಪದರದೊಳಗೆ ಹೂತಿರುತ್ತದೆ. ಅದಕ್ಕೆ ಬೇರೆಯೇ ಉಪಾಯ ಬೇಕು. ಕರುಳಿನ ಒಳಪದರದ ಕೋಶಗಳು ಗುಳಿಯ ತಳದಲ್ಲಿ ಹುಟ್ಟಿ, ಮೇಲೆ ಸರಿದು, ಕೆಲವೇ ದಿನಗಳಲ್ಲಿ ಉದುರಿ ಹೋಗುತ್ತವೆ. ಇದು ಎಲ್ಲರ ಕರುಳಿನಲ್ಲೂ ಸದಾ ನಡೆಯುವ ಕೆಲಸ. ಐಎಲ್-13 ಈ ಸರಿದಾಟದ ವೇಗ ಹೆಚ್ಚಿಸುತ್ತದೆ. ಎಸ್ಕಲೇಟರ್ ಮೇಲೆ ನಿಂತವರನ್ನು ಅದು ತಾನಾಗಿ ಮೇಲಕ್ಕೆ ಒಯ್ದುಬಿಡುವಂತೆ, ಕೋಶಗಳು ಬೇಗ ಬೇಗ ಸರಿದು ಹುಳುವನ್ನೂ ಟೊಳ್ಳಿನ ಕಡೆಗೆ ತಂದು ಬಿಡುತ್ತವೆ. 2005ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು.

ಇಲಿಗಳಲ್ಲಿ ಈ ಎಲ್ಲ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂದರೆ, ನಿಪ್ಪೋಸ್ಟ್ರಾಂಜಿಲಸ್ ಎಂಬ ಹುಳು ಸುಮಾರು 10 ದಿನಗಳಲ್ಲಿ ಪೂರ್ತಿ ಹೊರಬೀಳುತ್ತದೆ. ಐಎಲ್-13 ಇಲ್ಲದ ಇಲಿಯಲ್ಲಿ ಅದು ಉಳಿದುಕೊಳ್ಳುತ್ತದೆ. ಆದರೆ ಮನುಷ್ಯರನ್ನು ನೋಡಿ. ದುಂಡುಹುಳು ಒಂದರಿಂದ ಎರಡು ವರ್ಷ ನಮ್ಮೊಳಗೆ ಬದುಕುತ್ತದೆ. ಕೊಕ್ಕೆಹುಳು ಹಲವು ವರ್ಷ. ಈ ಅಂತರಕ್ಕೆ ಕಾರಣ ಮುಂದೆ ಬರುತ್ತದೆ.

ಐಜಿಇ ಮತ್ತು ಇಯೊಸಿನೊಫಿಲ್

ರಕ್ತ ಪರೀಕ್ಷೆಯ ವರದಿಯಲ್ಲಿ ‘ಇಯೊಸಿನೊಫಿಲ್ ಜಾಸ್ತಿ ಇದೆ’ ಎಂದು ಬಂದಾಗ ವೈದ್ಯರು ಹುಳುವಿನ ಬಗ್ಗೆ ಕೇಳುವುದು ಯಾಕೆಂದು ಈಗ ಹೇಳಬಹುದು. 1879ರಲ್ಲಿ ಪೌಲ್ ಎರ್ಲಿಖ್ ಹೆಸರಿಟ್ಟ ಈ ಬಿಳಿ ರಕ್ತಕಣದೊಳಗೆ ಹುಳುವಿನ ಚರ್ಮಕ್ಕೆ ಹಾನಿ ಮಾಡಬಲ್ಲ ಪ್ರೋಟೀನುಗಳ ಹರಳುಗಳು ತುಂಬಿರುತ್ತವೆ. ಟಿಎಚ್-2 ಕೋಶಗಳು ಬಿಡುವ ಐಎಲ್-5 ಇದನ್ನು ಎಲುಬಿನ ಮಜ್ಜೆಯಲ್ಲಿ ಹೆಚ್ಚಾಗಿ ತಯಾರಾಗುವಂತೆ ಮಾಡುತ್ತದೆ. ಐಎಲ್-4 ಬೇರೊಂದು ಕೆಲಸ ಮಾಡುತ್ತದೆ. ಅದರ ಮಾತು ಕೇಳಿ ಬಿ-ಕೋಶ ಎಂಬ ಬಿಳಿ ರಕ್ತಕಣಗಳು ಐಜಿಇ ಎಂಬ ಪ್ರತಿಕಾಯ (ಹೊರಗಿನ ವಸ್ತುವನ್ನು ಹಿಡಿಯುವ ಪ್ರೋಟೀನ್) ತಯಾರಿಸುತ್ತವೆ. ಈ ಐಜಿಇ ಮಾಸ್ಟ್ ಕೋಶಗಳ ಮೈಮೇಲೆ ಹೋಗಿ ಕೂರುತ್ತದೆ. ಹುಳುವಿನ ಪ್ರೋಟೀನ್ ಮತ್ತೆ ತಾಗಿದರೆ ಮಾಸ್ಟ್ ಕೋಶ ಒಡನೆ ಹಿಸ್ಟಮೈನ್ ಮುಂತಾದ ರಾಸಾಯನಿಕಗಳನ್ನು ಹೊರಹಾಕುತ್ತದೆ.

ಇದನ್ನು ಓದುವಾಗ ಅಲರ್ಜಿ ನೆನಪಾದರೆ ಸರಿಯಾಗಿಯೇ ನೆನಪಾಗಿದೆ. ಸೀನು, ದದ್ದು, ಉಬ್ಬಸ ತರುವುದೂ ಇದೇ ಐಜಿಇ, ಇದೇ ಮಾಸ್ಟ್ ಕೋಶ, ಇದೇ ಇಯೊಸಿನೊಫಿಲ್. ಹುಳುವಿಗೆಂದು ಬೆಳೆದು ಬಂದ ವ್ಯವಸ್ಥೆ ಹೂವಿನ ಪರಾಗದ ಮೇಲೋ ಧೂಳಿನ ಮೇಲೋ ತಿರುಗಿದಾಗ ಅದನ್ನು ಅಲರ್ಜಿ ಎನ್ನುತ್ತೇವೆ. ಧೂಳಿನ ನುಸಿಯಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ದುಂಡುಹುಳುವಿನಲ್ಲೂ ಬಹುಪಾಲು ಅದೇ ರೂಪದಲ್ಲಿದೆ. ಒಂದಕ್ಕೆಂದು ತಯಾರಾದ ಐಜಿಇ ಇನ್ನೊಂದನ್ನೂ ಹಿಡಿಯಬಲ್ಲದು.

ಇಲ್ಲಿ ಒಂದು ವಿಷಯ ಗಮನಿಸಿ. ಇಯೊಸಿನೊಫಿಲ್ ಏರುವುದು ಮುಖ್ಯವಾಗಿ ಮರಿಗಳು ಅಂಗಾಂಶಗಳಲ್ಲಿ ಓಡಾಡುವಾಗ. ಮರಿಗಳು ಶ್ವಾಸಕೋಶ ದಾಟುವಾಗ ಒಣ ಕೆಮ್ಮು, ಉಬ್ಬಸ ಬಂದು, ಎಕ್ಸ್‌ರೇಯಲ್ಲಿ ಕಂಡು ಮಾಯವಾಗುವ ಕಲೆಗಳನ್ನು ಸ್ವಿಟ್ಜರ್‌ಲೆಂಡಿನ ವಿಲ್ಹೆಲ್ಮ್ ಲೋಫ್ಲರ್ 1932ರಲ್ಲಿ ವಿವರಿಸಿದರು. ಆ ಹೊತ್ತಿನಲ್ಲಿ ಮಲ ಪರೀಕ್ಷೆ ಮಾಡಿದರೆ ಮೊಟ್ಟೆ ಸಿಗುವುದಿಲ್ಲ, ಯಾಕೆಂದರೆ ಹುಳು ಇನ್ನೂ ಮೊಟ್ಟೆ ಇಡುವಷ್ಟು ಬೆಳೆದಿಲ್ಲ. ಮುಂದೆ ಹುಳು ಕರುಳಿನ ಟೊಳ್ಳಿನಲ್ಲಿ ನೆಲೆಸಿದ ಮೇಲೆ ಇಯೊಸಿನೊಫಿಲ್ ಇಳಿದು ಮಾಮೂಲಿಗೆ ಬಂದಿರಬಹುದು. ಆಗ ಮಲದಲ್ಲಿ ಮೊಟ್ಟೆ ಸಿಗುತ್ತದೆ. ಹಾಗಾಗಿ ಒಂದು ವರದಿ ಸರಿಯಾಗಿದೆ ಅಂದ ಮಾತ್ರಕ್ಕೆ ಹುಳು ಇಲ್ಲ ಎಂದು ಹೇಳಲಾಗದು.

ಒಂದೇ ಕೋಶದ ಪರೋಪಜೀವಿಗಳಾದ ಜಿಯಾರ್ಡಿಯಾ, ಅಮೀಬಾ ಮುಂತಾದವುಗಳ ಕತೆ ಬೇರೆ. ಅವುಗಳಿಂದ ಸಾಮಾನ್ಯವಾಗಿ ಇಯೊಸಿನೊಫಿಲ್ ಏರುವುದಿಲ್ಲ. ಜಿಯಾರ್ಡಿಯಾ ವಿರುದ್ಧ ಕರುಳಿನೊಳಗೆ ಸುರಿಯುವ ಐಜಿಎ ಪ್ರತಿಕಾಯದ ಪಾತ್ರ ದೊಡ್ಡದು. ಆದರೆ ಜಿಯಾರ್ಡಿಯಾ ತನ್ನ ಹೊರಮೈ ಪ್ರೋಟೀನನ್ನು ಆಗಾಗ ಬದಲಿಸಿ ತಪ್ಪಿಸಿಕೊಳ್ಳುತ್ತದೆ. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಇನ್ನೊಂದು ಒಂಟಿಕೋಶದ ಪರೋಪಜೀವಿ ನಮ್ಮ ಕೋಶದೊಳಗೆ ಸೇರುವುದರಿಂದ ಅದಕ್ಕೆ ಟಿಎಚ್-1 ಬಣವೇ ಬೇಕು. ಏಡ್ಸ್ ರೋಗಿಗಳಲ್ಲಿ ಅದು ನಿಲ್ಲದ ಭೇದಿ ತರುವುದು ಸಹಾಯಕ ಟಿ-ಕೋಶಗಳು ಕುಸಿದಿರುವುದರಿಂದ.

ಹುಳುವಿನ ಮರುಮಾತು

ಮನುಷ್ಯರಲ್ಲಿ ಹುಳು ವರ್ಷಗಟ್ಟಲೆ ಉಳಿಯುವುದಕ್ಕೆ ಒಂದು ದೊಡ್ಡ ಕಾರಣ, ಅದು ಸುಮ್ನೆ ಇರುವುದಿಲ್ಲ. ತನ್ನ ಮೈಯಿಂದ ಸದಾ ಪ್ರೋಟೀನುಗಳನ್ನು ಹೊರಬಿಡುತ್ತಲೇ ಇರುತ್ತದೆ. ಇಲಿಯ ಕರುಳಿನ ಹೆಲಿಗ್ಮೊಸೊಮಾಯ್ಡಿಸ್ ಎಂಬ ಹುಳುವಿನಲ್ಲಿ ಇದನ್ನು ಬಹಳ ವಿವರವಾಗಿ ನೋಡಿದ್ದಾರೆ. ಅದು ಬಿಡುವ ಒಂದು ಪ್ರೋಟೀನ್ ಐಎಲ್-33ನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಗಾಯದ ಸುದ್ದಿ ಹೊರಗೆ ಮುಟ್ಟುವುದೇ ಇಲ್ಲ. ಇನ್ನೊಂದು ಪ್ರೋಟೀನ್ ಟಿಜಿಎಫ್-ಬೀಟಾ ಎಂಬ ನಮ್ಮದೇ ಸೈಟೋಕೈನಿನ ಕೆಲಸವನ್ನು ಮಾಡುತ್ತದೆ. ಇದನ್ನು 2017ರಲ್ಲಿ ವರದಿ ಮಾಡಿದರು. ಟಿಜಿಎಫ್-ಬೀಟಾ ಸಿಕ್ಕರೆ ಟಿ-ಕೋಶಗಳಲ್ಲಿ ಕೆಲವು ನಿಯಂತ್ರಕ ಕೋಶಗಳಾಗಿ ಬದಲಾಗುತ್ತವೆ. ಉರಿಯೂತವನ್ನು ತಣ್ಣಗೆ ಮಾಡುವುದೇ ಅವುಗಳ ಕೆಲಸ. ಆಶ್ಚರ್ಯ ಏನೆಂದರೆ, ಆ ಹುಳುವಿನ ಪ್ರೋಟೀನಿಗೂ ನಮ್ಮ ಟಿಜಿಎಫ್-ಬೀಟಾಗೂ ರಚನೆಯಲ್ಲಿ ಹೋಲಿಕೆ ಇಲ್ಲ. ಬೇರೆಯದೇ ಮೂಲದಿಂದ ಹೊರಟು ಅದೇ ಬೀಗಕ್ಕೆ ಹೊಂದುವ ಕೀಲಿಯನ್ನು ಹುಳು ತಯಾರಿಸಿಕೊಂಡಿದೆ.

ಹಳೆಯ ಸೋಂಕಿನಲ್ಲಿ ನಮ್ಮ ದೇಹವೂ ತಾನಾಗಿ ತಣ್ಣಗಾಗುತ್ತದೆ. ಐಎಲ್-10 ಏರುತ್ತದೆ. ಐಜಿಜಿ-4 ಎಂಬ ಪ್ರತಿಕಾಯ ಹೆಚ್ಚಾಗಿ, ಹುಳುವಿನ ಪ್ರೋಟೀನುಗಳನ್ನು ಐಜಿಇ ಹಿಡಿಯುವ ಮೊದಲೇ ತಾನು ಹಿಡಿದುಬಿಡುತ್ತದೆ. ದೇಹ ಯಾಕೆ ಹೀಗೆ ಮಾಡಬೇಕು? ಬಿಡದೆ ಕಾದಾಡಿದರೆ ಕರುಳಿಗೇ ಪೆಟ್ಟು. ಚಾಟಿಹುಳು ಇರುವ ಕೆಲವು ತಳಿಯ ಇಲಿಗಳಲ್ಲಿ ಟಿಎಚ್-2 ಬದಲು ಟಿಎಚ್-1 ಬಣ ಮೇಲುಗೈ ಪಡೆಯುತ್ತದೆ. ಅಲ್ಲಿ ಹುಳುವೂ ಹೋಗುವುದಿಲ್ಲ, ದೊಡ್ಡ ಕರುಳಿನಲ್ಲಿ ಉರಿಯೂತವೂ ಉಳಿಯುತ್ತದೆ. ಕೆಲವೇ ಹುಳುಗಳು ಇರುವಾಗ ಅವುಗಳ ಪಾಡಿಗೆ ಬಿಟ್ಟು, ಗಾಯವನ್ನು ಮಾತ್ರ ಮುಚ್ಚಿಕೊಂಡು ಹೋಗುವುದು ಕಡಿಮೆ ನಷ್ಟದ ದಾರಿ. ಗಾಯ ಮುಚ್ಚುವ ಕೆಲಸಕ್ಕೂ ಐಎಲ್-4, ಐಎಲ್-13 ಬೇಕು. ಅವುಗಳಿಂದ ಬದಲಾದ ಮ್ಯಾಕ್ರೋಫೇಜ್ ಕೋಶಗಳು ಅಂಗಾಂಶವನ್ನು ಮತ್ತೆ ಕಟ್ಟುತ್ತವೆ.

ಈ ರಾಜಿಯನ್ನು ಹೊಗಳುವ ಉದ್ದೇಶ ನನಗಿಲ್ಲ. ಹುಳುಗಳ ಸಂಖ್ಯೆ ಹೆಚ್ಚಾದರೆ ರಾಜಿಯ ಬೆಲೆ ತೆರುವವರು ಮಕ್ಕಳು ಮತ್ತು ಗರ್ಭಿಣಿಯರು. ಆನ್ಸೈಲೋಸ್ಟೋಮಾ ಎಂಬ ಒಂದೇ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.15 ಮಿಲಿಲೀಟರ್ ರಕ್ತ ನಷ್ಟ ಮಾಡಬಲ್ಲದು. ನೂರು ಹುಳುಗಳಿದ್ದರೆ ದಿನಕ್ಕೆ 15 ಮಿಲಿಲೀಟರ್. ಕಬ್ಬಿಣದ ಅಂಶ ಕಡಿಮೆ ಸಿಗುವ ಮೈಗೆ ಅದು ತೀವ್ರ ರಕ್ತಹೀನತೆ. ಹುಳುಗಳು ಎಲ್ಲರಲ್ಲೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಒಂದು ಸಮುದಾಯದಲ್ಲಿರುವ ಒಟ್ಟು ಹುಳುಗಳ ಬಹುಪಾಲು ಕೆಲವೇ ಜನರ ಹೊಟ್ಟೆಯಲ್ಲಿರುತ್ತದೆ. ಔಷಧಿ ಕೊಟ್ಟು ಖಾಲಿ ಮಾಡಿದರೂ ಮತ್ತೆ ಅವರಲ್ಲೇ ಜಾಸ್ತಿ ಸೇರುವುದುಂಟು. ಮಣ್ಣಿನ ಜೊತೆಗಿನ ಒಡನಾಟದ ಜೊತೆ ಅನುವಂಶೀಯತೆಯೂ ಇದಕ್ಕೆ ಕಾರಣ.

ಹುಳುವಿನ ಈ ತಣ್ಣಗಾಗಿಸುವ ಗುಣ ನೋಡಿ ಕೆಲವರಿಗೆ ಬೇರೆ ಆಸೆ ಹುಟ್ಟಿತು. ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿಸಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ವಾಸಿ ಮಾಡಬಹುದೇ ಎಂದು ಪ್ರಯೋಗಗಳು ನಡೆದವು. ಸಣ್ಣ ಪ್ರಯೋಗಗಳು ಭರವಸೆ ಕೊಟ್ಟವು, ದೊಡ್ಡವು ಕೊಡಲಿಲ್ಲ. ಇಂಟರ್ನೆಟ್ಟಿನಲ್ಲಿ ಓದಿ ಯಾರೂ ಹುಳುವಿನ ಮೊಟ್ಟೆ ತರಿಸಿ ನುಂಗಬೇಡಿ. ಹುಳುವಿನ ಬದಲು ಅದು ಬಿಡುವ ಪ್ರೋಟೀನಿನಿಂದ ಔಷಧಿ ಮಾಡುವ ದಾರಿ ನನಗೆ ಹೆಚ್ಚು ಸರಿ ಕಾಣುತ್ತದೆ.

ಮರೆಯಬಾರದ ಒಂದು ಹುಳು

ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳ ಮೊಟ್ಟೆ ಹೊರಗೆ ಮಣ್ಣಿನಲ್ಲಿ ಬೆಳೆಯಬೇಕು. ಇದರ ಮರಿಗಳು ಹಾಗಲ್ಲ, ಅದೇ ಮನುಷ್ಯನ ಕರುಳನ್ನು ಕೊರೆದು ಮತ್ತೆ ಸುತ್ತು ಹಾಕಬಲ್ಲವು. ಹಾಗಾಗಿ ಸೋಂಕು ಹತ್ತಾರು ವರ್ಷ ಉಳಿಯುತ್ತದೆ. ಆರೋಗ್ಯವಂತರಲ್ಲಿ ಟೈಪ್-2 ಪ್ರತಿರೋಧ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ, ಎಷ್ಟೋ ಜನರಿಗೆ ಹುಳು ಇದೆ ಎಂದೇ ಗೊತ್ತಿರುವುದಿಲ್ಲ. ಅಂಥವರಿಗೆ ಬೇರೆ ಯಾವುದೋ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟರೆ ಆ ಹಿಡಿತ ಕಳಚುತ್ತದೆ. ಮರಿಗಳು ಮಿತಿ ಮೀರಿ ಹೆಚ್ಚಿ ಮೈಯೆಲ್ಲ ಹರಡುತ್ತವೆ. ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳನ್ನೂ ರಕ್ತಕ್ಕೆ ಒಯ್ಯುತ್ತವೆ. ಇದು ಪ್ರಾಣ ತೆಗೆಯಬಲ್ಲದು. ಈ ಹುಳು ಇರುವ ಪ್ರದೇಶದಲ್ಲಿ ಬದುಕಿದವರು ಸ್ಟೀರಾಯ್ಡ್ ಶುರುಮಾಡುವ ಮೊದಲು ವೈದ್ಯರ ಬಳಿ ಇದನ್ನು ಪ್ರಸ್ತಾಪಿಸುವುದು ಒಳ್ಳೆಯದು. ಪರೀಕ್ಷೆ ಇದೆ, ಐವರ್‌ಮೆಕ್ಟಿನ್ ಔಷಧಿಯೂ ಇದೆ.

ಲಸಿಕೆ ಯಾಕೆ ಇನ್ನೂ ಇಲ್ಲ

ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮುಂದಿನ ಸೋಂಕನ್ನು ತಡೆಯುವುದಿಲ್ಲ. ಸೋಂಕು ಹೆಚ್ಚಿರುವ ಕಡೆ ವರ್ಷಕ್ಕೆ ಒಂದೆರಡು ಸಲ ಮಕ್ಕಳಿಗೆ ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ಲಸಿಕೆ ಇದ್ದರೆ ಒಳ್ಳೆಯದಿತ್ತು. ಆದರೆ ಮನುಷ್ಯರ ಕರುಳಿನ ಹುಳುಗಳಿಗೆ ಮಂಜೂರಾದ ಲಸಿಕೆ ಒಂದೂ ಇಲ್ಲ.

ಕೊಕ್ಕೆಹುಳುವಿನ ಮರಿ ಬಿಡುವ ಎಎಸ್‌ಪಿ-2 ಎಂಬ ಪ್ರೋಟೀನಿನಿಂದ ಒಂದು ಲಸಿಕೆ ತಯಾರಾಗಿತ್ತು. ಸೋಂಕನ್ನೇ ಕಾಣದವರಲ್ಲಿ ಅದು ಸುರಕ್ಷಿತವಾಗಿತ್ತು. ಆಮೇಲೆ ಬ್ರೆಜಿಲ್‌ನಲ್ಲಿ, ಕೊಕ್ಕೆಹುಳು ಮಾಮೂಲಿಯಾಗಿರುವ ಪ್ರದೇಶದ ಜನರ ಮೇಲೆ ಪ್ರಯೋಗ ನಡೆಯಿತು. ಚುಚ್ಚುಮದ್ದು ಪಡೆದ ಕೆಲವರಿಗೆ ಕೂಡಲೇ ಮೈತುಂಬ ದದ್ದು ಎದ್ದಿತು. ಹಿಂದಿನ ಸೋಂಕಿನಿಂದ ಅವರ ರಕ್ತದಲ್ಲಿ ಆ ಪ್ರೋಟೀನಿನ ವಿರುದ್ಧ ಐಜಿಇ ಮೊದಲೇ ತಯಾರಾಗಿತ್ತು. ಲಸಿಕೆ ಅವರ ಪಾಲಿಗೆ ಅಲರ್ಜಿಯ ವಸ್ತುವಾಯಿತು. ಪ್ರಯೋಗ ನಿಂತಿತು.

ಈಗ ತಂತ್ರ ಬದಲಾಗಿದೆ. ಸೋಂಕಿನ ಹೊತ್ತಿನಲ್ಲಿ ನಮ್ಮ ದೇಹಕ್ಕೆ ಹೆಚ್ಚಾಗಿ ಕಾಣದ, ಕೊಕ್ಕೆಹುಳುವಿನ ಹೊಟ್ಟೆಯ ಒಳಗಿನ ಎರಡು ಕಿಣ್ವಗಳನ್ನು ಗುರಿ ಮಾಡಿಕೊಂಡಿದ್ದಾರೆ. ಹುಳು ಕುಡಿದ ರಕ್ತವನ್ನು ಅರಗಿಸಿಕೊಳ್ಳಲು ಬಳಸುವ ಕಿಣ್ವಗಳು ಅವು. ಲಸಿಕೆ ಪಡೆದವರ ರಕ್ತದಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಇದ್ದರೆ, ಹುಳು ರಕ್ತದ ಜೊತೆಗೇ ಆ ಪ್ರತಿಕಾಯವನ್ನೂ ಕುಡಿಯುತ್ತದೆ. ಕಿಣ್ವ ಕೆಲಸ ಮಾಡದಿದ್ದರೆ ಅದಕ್ಕೆ ಆಹಾರ ಅರಗುವುದಿಲ್ಲ. ಈ ಎರಡು ಕಿಣ್ವಗಳಿಂದ ಮಾಡಿದ ಲಸಿಕೆಗಳು ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿವೆ.